ಅನಿಟ್ಟಾ ಅವರನ್ನು ಫಂಕ್ ಗಾಯಕಿ ಎನ್ನುವುದೇಕೆ? ಅವರು ಮೇಲೆ ಬಂದದ್ದು ಹೇಗೆ?

ಬ್ರೆಜಿಲ್‌ನ ಅನಿಟ್ಟಾ ಅವರನ್ನು ಎಲ್ಲ ಕಡೆ ಫಂಕ್ ಗಾಯಕಿ ಎಂದು ಬರೆಯುತ್ತಾರೆ, ಆದರೆ ನೀವು ಕೇಳಿದ ‘ಎನ್ವೊಲ್ವೆರ್’ ಸ್ಪ್ಯಾನಿಷ್ ಹಾಡಾಗಿತ್ತು, ಅಮೆರಿಕದ ಫಂಕ್‌ಗೂ ಅದಕ್ಕೂ ಯಾವ ಹೋಲಿಕೆಯೂ ಕಾಣಲಿಲ್ಲ, ಹಾಗಾದರೆ ಈಕೆ ಯಾರು, ಮೇಲೆ ಬಂದ ಬಗೆ ಯಾವುದು ಎಂದು ಕೇಳಿದ್ದೀರಿ. ನಿಮ್ಮ ಕಿವಿ ನಿಮಗೆ ಮೋಸ ಮಾಡಿಲ್ಲ. ಆ ಹಾಡು ಫಂಕ್ ಅಲ್ಲ, ರೆಗೆಟಾನ್, ಅಂದರೆ ಕೆರಿಬಿಯನ್ ಕಡೆಯ ಸ್ಪ್ಯಾನಿಷ್ ಕುಣಿತದ ಸಂಗೀತ. ನಾನು ಸಂಗೀತ ವಿಮರ್ಶಕನಲ್ಲ. ಕೆಲಸದ ನಿಮಿತ್ತ ಬ್ರೆಜಿಲ್‌ನ ಸಹೋದ್ಯೋಗಿಗಳೊಂದಿಗೆ ಕೆಲವು ವರ್ಷ ಒಡನಾಡಿ, ಅಷ್ಟಿಷ್ಟು ಪೋರ್ಚುಗೀಸ್ ಕಲಿತು, ಈ ಹಾಡುಗಳ ಗೀಳು ಹತ್ತಿಸಿಕೊಂಡವನು. ಆ ಮಿತಿಯೊಳಗೆ ಉತ್ತರಿಸುತ್ತೇನೆ.

ಮೊದಲು ಹೆಸರಿನ ಗೊಂದಲವನ್ನು ಬಿಡಿಸಿಕೊಳ್ಳೋಣ. ರಿಯೊ ಡಿ ಜನೈರೊದವರ ಬಾಯಲ್ಲಿ ಆ ಪದ ‘ಫಂಕಿ’ ಆಗುತ್ತದೆ. ನಾವು ಬಸ್ ಅನ್ನು ಬಸ್ಸು ಮಾಡಿಕೊಂಡಂತೆ, ವ್ಯಂಜನದಲ್ಲಿ ಮುಗಿಯುವ ಪರಭಾಷೆಯ ಪದಕ್ಕೆ ಅವರು ಇಕಾರ ಹಚ್ಚಿಕೊಳ್ಳುತ್ತಾರೆ. ಒಮ್ಮೆ ವಿಡಿಯೊ ಕರೆಯಲ್ಲಿ ಉಳಿದವರು ಸೇರುವವರೆಗೆ ಹರಟುತ್ತಿದ್ದಾಗ, ಫಂಕ್ ಎಂದೊಡನೆ ನಾನು ಅಮೆರಿಕದ ಫಂಕ್‌ನ ದಿಗ್ಗಜ ಜೇಮ್ಸ್ ಬ್ರೌನ್ ಹೆಸರೆತ್ತಿದೆ. ರಿಯೊದ ಸಹೋದ್ಯೋಗಿಯೊಬ್ಬರು ನಕ್ಕು, ತಮ್ಮ ಮೇಜಿನ ಮೇಲೆ ಬೆರಳುಗಳಿಂದ ಬಡಿದು ತೋರಿಸಿದರು: ಚುಂ–ಚ–ಚ, ಚುಂ–ಚುಂ–ಚ. ಇದೇ ಫಂಕಿ, ಮಿಕ್ಕಿದ್ದೆಲ್ಲ ಮೇಲಿನ ಅಲಂಕಾರ ಎಂಬುದು ಅವರ ಮಾತಿನ ತಾತ್ಪರ್ಯವಾಗಿತ್ತು. ಇಷ್ಟು ವರ್ಷ ಕೇಳಿದ ಮೇಲೂ ಅದಕ್ಕಿಂತ ಒಳ್ಳೆಯ ವ್ಯಾಖ್ಯೆ ನನಗೆ ಸಿಕ್ಕಿಲ್ಲ.

ಹೆಸರು ಅಮೆರಿಕದಿಂದಲೇ ಬಂದದ್ದು. 1970ರ ದಶಕದಲ್ಲಿ ರಿಯೊದ ಉತ್ತರ ಭಾಗದ ಬಡಾವಣೆಗಳ ಕ್ಲಬ್ಬುಗಳಲ್ಲಿ ಅಮೆರಿಕದ ಸೋಲ್ ಮತ್ತು ಫಂಕ್ ರೆಕಾರ್ಡುಗಳನ್ನು ಹಾಕಿ ಕುಣಿಯುವ ಕೂಟಗಳು ನಡೆಯುತ್ತಿದ್ದವು. ಇವನ್ನು ಅಲ್ಲಿ ‘ಬೈಲೆ’ ಎನ್ನುತ್ತಾರೆ. 1980ರ ದಶಕದಲ್ಲಿ ಆ ರೆಕಾರ್ಡುಗಳ ಜಾಗಕ್ಕೆ ಮಯಾಮಿ ಬೇಸ್ ಎಂಬ, ಡ್ರಮ್ ಯಂತ್ರದ ಗಡಸು ಹೊಡೆತದ ಸಂಗೀತ ಬಂದು ಕೂತಿತು, ಕೂಟದ ಹಳೆಯ ಹೆಸರು ಮಾತ್ರ ಹಾಗೆಯೇ ಉಳಿಯಿತು. 1989ರಲ್ಲಿ ಡಿಜೆ ಮಾರ್ಲ್‌ಬೊರೊ ‘ಫಂಕ್ ಬ್ರೆಜಿಲ್’ ಎಂಬ ಸಂಕಲನವನ್ನು ತಂದಾಗ ಆ ತಾಳದ ಮೇಲೆ ಪೋರ್ಚುಗೀಸ್ ಮಾತುಗಳು ಗಟ್ಟಿಯಾಗಿ ಕೂತವು. ಮುಂದಿನ ದಶಕದ ಕೊನೆಯ ಹೊತ್ತಿಗೆ ಯಂತ್ರದ ಹೊಡೆತಕ್ಕೆ ಆಫ್ರೋ-ಬ್ರೆಜಿಲ್ ಪರಂಪರೆಯ ಕೈಬಡಿತದ ವಾದ್ಯಗಳ ನಡೆ ಸೇರಿಕೊಂಡು ‘ತಂಬೊರ್ಜಾವ್’ ಹುಟ್ಟಿತು. ಹೆಸರಿನ ಅರ್ಥ ‘ದೊಡ್ಡ ಡೋಲು’ ಎಂದಷ್ಟೇ. ಸಹೋದ್ಯೋಗಿ ಮೇಜಿನ ಮೇಲೆ ಬಡಿದು ತೋರಿಸಿದ್ದು ಇದನ್ನೇ.

ಈ ಸಂಗೀತಕ್ಕೆ ಬ್ರೆಜಿಲ್‌ನಲ್ಲೇ ಇದ್ದ ಕೆಟ್ಟ ಹೆಸರು ಗೊತ್ತಿಲ್ಲದೆ ಅನಿಟ್ಟಾ ಅವರ ವೃತ್ತಿಜೀವನ ಅರ್ಥವಾಗುವುದು ಕಷ್ಟ. ಇದು ಫವೇಲಾಗಳ, ಅಂದರೆ ಗುಡ್ಡದ ಇಳಿಜಾರಿನಲ್ಲಿ ಒತ್ತೊತ್ತಾಗಿ ಕಟ್ಟಿಕೊಂಡ ಬಡವರ ಬಡಾವಣೆಗಳ, ಹೆಚ್ಚಾಗಿ ಕಪ್ಪು ಯುವಜನರ ಸಂಗೀತ. ಅಶ್ಲೀಲ ಎಂದು ಮೂಗು ಮುರಿದವರು ಒಂದು ಕಡೆ, ಅಪರಾಧದ ಸಂಗಾತಿ ಎಂದು ಕೂಟಗಳನ್ನು ಮುಚ್ಚಿಸಿದ ಪೊಲೀಸರು ಇನ್ನೊಂದು ಕಡೆ. 2009ರಲ್ಲಿ ರಿಯೊ ರಾಜ್ಯವು ಫಂಕ್ ಅನ್ನು ಸಾಂಸ್ಕೃತಿಕ ಚಳವಳಿ ಎಂದು ಗುರುತಿಸುವ ಕಾನೂನು ಮಾಡಿತು. ಹಾಗಿದ್ದೂ 2017ರಲ್ಲಿ ಫಂಕ್ ಅನ್ನು ಅಪರಾಧವೆಂದು ಘೋಷಿಸಬೇಕೆಂಬ ನಾಗರಿಕರ ಮನವಿಯೊಂದು 20,000ಕ್ಕೂ ಹೆಚ್ಚು ಸಹಿಗಳೊಂದಿಗೆ ಸೆನೆಟ್‌ವರೆಗೆ ಹೋಯಿತು. ಅದನ್ನು ತಿರಸ್ಕರಿಸಬೇಕೆಂದು ವರದಿ ಕೊಟ್ಟ ಸೆನೆಟರ್ ಬೇರಾರೂ ಅಲ್ಲ, ಹಿಂದಿನ ಫುಟ್‌ಬಾಲ್ ಆಟಗಾರ ರೊಮಾರಿಯೊ. ಅನಿಟ್ಟಾ ಆ ಮನವಿಯನ್ನು ಬಹಿರಂಗವಾಗಿಯೇ ವಿರೋಧಿಸಿದ್ದರು.

ಇನ್ನು ಅವರ ವಿಷಯ. ನಿಜವಾದ ಹೆಸರು ಲಾರಿಸ್ಸಾ ಡಿ ಮಸೆಡೊ ಮಶಾಡೊ. ಹುಟ್ಟಿದ್ದು 1993ರ ಮಾರ್ಚ್ 30ರಂದು, ಬೆಳೆದದ್ದು ರಿಯೊದ ಉತ್ತರ ಭಾಗದ ಒನೊರಿಯೊ ಗುರ್ಜೆಲ್ ಎಂಬ ಸಾಧಾರಣ ಬಡಾವಣೆಯಲ್ಲಿ. ಪ್ರವಾಸಿಗರ ಚಿತ್ರಗಳಲ್ಲಿ ಕಾಣುವ ಕಡಲತೀರದ ರಿಯೊಗೂ ಈ ರಿಯೊಗೂ ಸಂಬಂಧ ಕಡಿಮೆ. ತಂದೆ ತಾಯಿ ಬೇರೆಯಾಗಿದ್ದರು. ತಾಯಿ ಮತ್ತು ಅಣ್ಣನೊಂದಿಗೆ ಬೆಳೆದ ಹುಡುಗಿ ಎಂಟರ ಹರೆಯದ ಹೊತ್ತಿಗೆ ಅಜ್ಜನ ಜೊತೆ ಚರ್ಚಿನ ಗಾಯಕವೃಂದದಲ್ಲಿ ಹಾಡತೊಡಗಿದ್ದಳು. ಮುಂದೆ ಆಡಳಿತ ವಿಷಯದಲ್ಲಿ ತಾಂತ್ರಿಕ ಕೋರ್ಸ್ ಮುಗಿಸಿ, ವಾಲೆ ಎಂಬ ದೈತ್ಯ ಗಣಿ ಕಂಪನಿಯಲ್ಲಿ ತರಬೇತಿಯ ಕೆಲಸವನ್ನೂ ಗಿಟ್ಟಿಸಿಕೊಂಡಳು. ಜೀವನಚರಿತ್ರೆ ಬರೆಯುವವರು ಚರ್ಚಿನ ಬಗ್ಗೆ ತುಂಬ ಬರೆಯುತ್ತಾರೆ, ಗಣಿ ಕಂಪನಿಯನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ನನ್ನ ಮಟ್ಟಿಗೆ ಮುಂದಿನದಕ್ಕೆಲ್ಲ ಕೀಲಿಕೈ ಇರುವುದು ಆ ಆಡಳಿತದ ಕೋರ್ಸಿನಲ್ಲಿ.

2010ರಲ್ಲಿ ಮನೆಯಲ್ಲೇ ಹಾಡಿ ಯೂಟ್ಯೂಬ್‌ಗೆ ಏರಿಸಿದ ವಿಡಿಯೊ ಒಂದು ‘ಫುರಕಾವ್ 2000’ ಸಂಸ್ಥೆಯ ನಿರ್ಮಾಪಕರ ಕಣ್ಣಿಗೆ ಬಿತ್ತು. ಇದು ದಶಕಗಳಿಂದ ರಿಯೊದಲ್ಲಿ ಗೋಡೆಯೆತ್ತರ ಸ್ಪೀಕರ್ ಪೇರಿಸಿ ಬೈಲೆ ನಡೆಸುತ್ತ, ಹಾಡುಗಾರರನ್ನು ತಯಾರು ಮಾಡುತ್ತ ಬಂದ ಸಂಸ್ಥೆ. ಹುಡುಗಿ ಗಣಿ ಕಂಪನಿಯನ್ನು ಬಿಟ್ಟು ‘ಎಂಸಿ ಅನಿಟ್ಟಾ’ ಆದಳು; ‘ಎಂಸಿ’ ಎಂಬುದು ಫಂಕ್ ಹಾಡುಗಾರರು ಹೆಸರಿಗೆ ಹಚ್ಚಿಕೊಳ್ಳುವ ಬಿರುದು. ಹೆಸರು 2001ರ ಕಿರುಧಾರಾವಾಹಿಯೊಂದರ ನಾಯಕಿಯದು, ಒಂದು ಒತ್ತಕ್ಷರ ಮಾತ್ರ ಇವರ ಸ್ವಂತದ್ದು. ಈ ಹೆಸರಿಗೆ ಇನ್ನೊಂದು ಹಿನ್ನೆಲೆಯೂ ಇದೆ. ಹದಿಹರೆಯದಲ್ಲಿ ತಾವು ಅತ್ಯಾಚಾರಕ್ಕೆ ಒಳಗಾಗಿದ್ದನ್ನು ಅವರು 2020ರ ನೆಟ್‌ಫ್ಲಿಕ್ಸ್ ಸಾಕ್ಷ್ಯಚಿತ್ರ ಸರಣಿಯಲ್ಲಿ ಹೇಳಿಕೊಂಡರು. ಅನಿಟ್ಟಾ ಎಂಬ ಧೈರ್ಯದ, ಯಾರಿಗೂ ಬಗ್ಗದ ಪಾತ್ರವನ್ನು ಕಟ್ಟಿಕೊಂಡದ್ದು ಆ ಪೆಟ್ಟಿನಿಂದ ಮೇಲೇಳುವುದಕ್ಕಾಗಿ ಎಂಬುದು ಅವರದೇ ವಿವರಣೆ.

2013ರಲ್ಲಿ ವಾರ್ನರ್ ಕಂಪನಿಯೊಂದಿಗೆ ಒಪ್ಪಂದವಾಯಿತು, ಹೆಸರಿನ ಹಿಂದಿನ ‘ಎಂಸಿ’ ಬಿದ್ದುಹೋಯಿತು, ‘ಶೋ ದಸ್ ಪೊದೆರೊಜಾಸ್’ ಹಾಡು ದೇಶವಿಡೀ ಕುಣಿಸಿತು. ಕಪ್ಪುಬಿಳುಪಿನ ಆ ವಿಡಿಯೊದಲ್ಲಿ ಗುಡ್ಡವೂ ಇಲ್ಲ, ಫವೇಲಾವೂ ಇಲ್ಲ. ಅಚ್ಚುಕಟ್ಟಾದ ವೇದಿಕೆ, ಸಾಲಾಗಿ ನಿಂತ ನರ್ತಕಿಯರು. ಮಧ್ಯಮವರ್ಗದ ಮನೆಯ ಟಿವಿಗೆ ಫಂಕ್ ಒಳಬಂದದ್ದು ಹೀಗೆ ಇಸ್ತ್ರಿ ಹಾಕಿಸಿಕೊಂಡು. ಏರಿದ ಏಣಿಯನ್ನೇ ಒದ್ದಳು ಎಂಬ ಆರೋಪ ಆಗಲೇ ಹುಟ್ಟಿಕೊಂಡಿತು, ಮುಂದಿನ ಪಾಪ್ ಹಾಡುಗಳನ್ನು ಕೇಳಿದರೆ ಅದರಲ್ಲಿ ಹುರುಳಿಲ್ಲ ಎನ್ನಲಾಗದು. 2014ರಲ್ಲಿ ನಿರ್ವಾಹಕಿಯಿಂದ ಬೇರೆಯಾಗಿ ತಮ್ಮ ವೃತ್ತಿಯ ಲೆಕ್ಕಪತ್ರ, ಒಪ್ಪಂದ, ಪ್ರಚಾರ ಎಲ್ಲವನ್ನೂ ಇಪ್ಪತ್ತೊಂದರ ಹರೆಯದಲ್ಲೇ ತಾವೇ ಕೈಗೆತ್ತಿಕೊಂಡರು. 2016ರ ಆಗಸ್ಟ್ 5ರಂದು ರಿಯೊ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಕಯೆಟಾನೊ ವೆಲೊಜೊ ಮತ್ತು ಜಿಲ್ಬೆರ್ಟೊ ಜಿಲ್ ಎಂಬ ಇಬ್ಬರು ಹಿರಿಯ ಗಾಯಕರ ನಡುವೆ ನಿಂತು ಹಾಡಿದರು. ಅಲ್ಲಿ ಹಾಡಿದ್ದು ಫಂಕ್ ಅಲ್ಲ, ಬ್ರೆಜಿಲ್‌ನವರು ಹೆಮ್ಮೆಪಡುವ ಹಳೆಯ ಸಾಂಬಾ ಎಂಬುದನ್ನು ಗಮನಿಸಿ.

ಬ್ರೆಜಿಲ್‌ನಲ್ಲಿ ಗೆದ್ದವರಿಗೆ ಹೊರಗೆ ಹೋಗಲು ಭಾಷೆಯೇ ಅಡ್ಡಗೋಡೆ. ಸುತ್ತಲಿನ ಬಹುತೇಕ ದೇಶಗಳು ಸ್ಪ್ಯಾನಿಷ್ ಆಡುತ್ತವೆ, ಬ್ರೆಜಿಲ್ ಮಾತ್ರ ಪೋರ್ಚುಗೀಸ್. ಅನಿಟ್ಟಾ ಮೊದಲು ಸ್ಪ್ಯಾನಿಷ್ ಮಾರುಕಟ್ಟೆಗೆ ಗುರಿಯಿಟ್ಟರು: 2016ರಲ್ಲಿ ಕೊಲಂಬಿಯದ ಮಾಲುಮಾ ಜೊತೆ ಹಾಡು, 2017ರಲ್ಲಿ ಸ್ಪ್ಯಾನಿಷ್‌ನಲ್ಲೇ ‘ಪರಾಡಿನ್ಯಾ’. ಅದೇ ವರ್ಷ ಸೆಪ್ಟೆಂಬರ್‌ನಿಂದ ‘ಚೆಕ್‌ಮೇಟ್’ ಎಂಬ ಯೋಜನೆ ಹಾಕಿಕೊಂಡು ತಿಂಗಳಿಗೊಂದು ಹಾಡು ಬಿಟ್ಟರು. ಮೊದಲನೆಯದು ಬೊಸ್ಸಾನೋವಾ ಎಂಬ ಬ್ರೆಜಿಲ್‌ನ ಮೆಲುದನಿಯ ಸಂಗೀತದ ಛಾಯೆಯ ಇಂಗ್ಲಿಷ್ ಹಾಡು, ಎರಡನೆಯದು ಇಂಗ್ಲಿಷ್‌ನಲ್ಲೇ ಎಲೆಕ್ಟ್ರಾನಿಕ್ ಹಾಡು, ಮೂರನೆಯದು ಕೊಲಂಬಿಯದ ಗಾಯಕ ಜೆ ಬಾಲ್ವಿನ್ ಜೊತೆ ಸ್ಪ್ಯಾನಿಷ್ ರೆಗೆಟಾನ್. ಚದುರಂಗದ ಹೆಸರಿಟ್ಟುಕೊಂಡ ಮೇಲೆ ರಾಜನನ್ನು ಕಟ್ಟಿಹಾಕುವ ಕೊನೆಯ ನಡೆ ಯಾವುದೆಂಬ ಕುತೂಹಲ ಸಹಜ. ಡಿಸೆಂಬರ್‌ನಲ್ಲಿ ಬಂದ ಆ ನಡೆ ‘ವಾಯ್ ಮಲಾಂದ್ರಾ’, ಮುಖ್ಯವಾಗಿ ಪೋರ್ಚುಗೀಸ್‌ನ ಫಂಕ್.

ಆ ವಿಡಿಯೊವನ್ನು ಒಮ್ಮೆ ನಿಧಾನವಾಗಿ ನೋಡಬೇಕು. ಚಿತ್ರೀಕರಿಸಿದ್ದು ವಿಡಿಗಾಲ್ ಫವೇಲಾದಲ್ಲಿ. ಕ್ಯಾಮೆರಾ ಮೊದಲು ಬೀಳುವುದು ಬೈಕಿನ ಕಡೆ ನಡೆದುಹೋಗುವ ಅನಿಟ್ಟಾ ಅವರ ನಿತಂಬದ ಮೇಲೆ. ಚರ್ಮದ ಏರುತಗ್ಗು, ಗುಳಿಗಳನ್ನು ತಂತ್ರಜ್ಞಾನದಿಂದ ಅಳಿಸದೆ ಹಾಗೆಯೇ ಬಿಟ್ಟಿದ್ದಾರೆ. ಆಮೇಲೆ ಮನೆಯೊಂದರ ತಾರಸಿ. ಅಲ್ಲಿ ಹೆಂಗಸರು ಸಾಲಾಗಿ ಮಲಗಿ ಬಿಸಿಲು ಕಾಯಿಸಿಕೊಳ್ಳುತ್ತಿದ್ದಾರೆ, ಮೈಮೇಲಿರುವ ಬಿಕಿನಿ ಬಟ್ಟೆಯದಲ್ಲ, ನಮ್ಮ ಎಲೆಕ್ಟ್ರಿಷಿಯನ್‌ಗಳು ತಂತಿಗೆ ಸುತ್ತುವ ಕಪ್ಪು ಇನ್ಸುಲೇಶನ್ ಟೇಪಿನದು! ಮೈಮೇಲೆ ಬಿಸಿಲಿನ ಗೆರೆ ನೇರವಾಗಿ, ಚೊಕ್ಕವಾಗಿ ಮೂಡಲಿ ಎಂದು ರಿಯೊದ ಉಪನಗರಗಳಲ್ಲಿ ನಿಜಕ್ಕೂ ಹೀಗೆ ಮಾಡುತ್ತಾರೆ, ಅದೊಂದು ಕಸುಬೇ ಆಗಿದೆ. ಕಡಲತೀರಕ್ಕೆ ಹೋಗದೆಯೇ ಬಣ್ಣ ಹಚ್ಚಿಸಿಕೊಳ್ಳುವ ಬಡಾವಣೆಯ ಹೆಂಗಸರ ಈ ಉಪಾಯ ಜಗತ್ತಿನ ಪರದೆಯ ಮೇಲೆ ಬಂತು. ಸ್ಪಾಟಿಫೈನ ಜಾಗತಿಕ ಪಟ್ಟಿಯಲ್ಲಿ ಮೊದಲ 20ರೊಳಗೆ ಬಂದ ಮೊದಲ ಪೋರ್ಚುಗೀಸ್ ಹಾಡು ಇದು.

ಟೀಕೆಗಳೂ ಬಂದವು, ಅವು ಹಗುರವಾದವಲ್ಲ. ಲೈಂಗಿಕ ಕಿರುಕುಳದ ಆರೋಪ ಹೊತ್ತಿದ್ದ ಅಮೆರಿಕದ ಛಾಯಾಗ್ರಾಹಕ ಟೆರಿ ರಿಚರ್ಡ್‌ಸನ್ ಅವರಿಂದ ನಿರ್ದೇಶನ ಮಾಡಿಸಿದ್ದು ಯಾಕೆ ಎಂದು ಕೇಳಿದರು. ತೆಳು ಮೈಬಣ್ಣದ ತಾರೆಯೊಬ್ಬರು ಬೇಕೆಂದಾಗ ಕಪ್ಪು ಹೆಣ್ಣುಮಕ್ಕಳ ಜಡೆ ಕಟ್ಟಿಕೊಂಡು, ಬೇಡವೆಂದಾಗ ಬಿಚ್ಚಿಟ್ಟುಬಿಡಬಹುದು. ಆ ಬಡಾವಣೆಗಳ ಕಪ್ಪು ಗಾಯಕಿಯರಿಗೆ ಆ ಅನುಕೂಲ ಇಲ್ಲ ಎಂದರು. ಈ ಎರಡನೆಯ ಮಾತು ನನಗೆ ಒಪ್ಪಿಗೆ. ಇದೇ ತಾಳ ಹಿಡಿದು ಇವರಿಗಿಂತ ಮೊದಲೇ ಹಾಡಿದ ಎಷ್ಟೋ ಹೆಣ್ಣುಮಕ್ಕಳಿಗೆ ದೊಡ್ಡ ಕಂಪನಿಗಳ ಬಾಗಿಲು ಇಷ್ಟು ಸಲೀಸಾಗಿ ತೆರೆಯಲಿಲ್ಲ.

ಆಮೇಲಿನ ಗೆಲುವುಗಳನ್ನು ಬೇಗ ಹೇಳಿ ಮುಗಿಸುತ್ತೇನೆ, ಪಟ್ಟಿ ಎಲ್ಲ ಕಡೆ ಸಿಗುತ್ತದೆ. 2019ರ ‘ಕಿಸ್ಸಸ್’ ಮೂರು ಭಾಷೆಗಳ ಆಲ್ಬಮ್. 2021ರಲ್ಲಿ ನುಬ್ಯಾಂಕ್ ಎಂಬ ಡಿಜಿಟಲ್ ಬ್ಯಾಂಕಿನ ನಿರ್ದೇಶಕ ಮಂಡಳಿಗೆ ಸೇರಿದರು; ಆಡಳಿತದ ಕೋರ್ಸ್ ಎಂದಿದ್ದೆನಲ್ಲ! ಅದೇ ವರ್ಷ ನವೆಂಬರ್‌ನಲ್ಲಿ ಬಂದ ‘ಎನ್ವೊಲ್ವೆರ್’, ನೆಲಕ್ಕೆ ಕೈಯೂರಿ ಮೈ ಅಲುಗಿಸುವ ಒಂದು ಹೆಜ್ಜೆ ಟಿಕ್‌ಟಾಕ್‌ನಲ್ಲಿ ಹಬ್ಬಿದ್ದರಿಂದ, 2022ರ ಮಾರ್ಚ್‌ನಲ್ಲಿ ಸ್ಪಾಟಿಫೈನ ಜಾಗತಿಕ ಪಟ್ಟಿಯ ತುದಿಗೇರಿತು. ಬ್ರೆಜಿಲ್‌ನ ಯಾವ ಗಾಯಕ ಗಾಯಕಿಗೂ ಅದುವರೆಗೆ ಆ ಸ್ಥಾನ ಸಿಕ್ಕಿರಲಿಲ್ಲ. ಬ್ರೆಜಿಲ್‌ನ ಅಭಿಮಾನಿಗಳು ಸಂಘಟಿತರಾಗಿ ಮತ್ತೆ ಮತ್ತೆ ಕೇಳಿದ್ದರ ಪಾಲೂ ಅದರಲ್ಲಿತ್ತು. ಆ ವರ್ಷದಿಂದ 2024ರವರೆಗೆ ಸತತ ಮೂರು ಸಲ ಎಂಟಿವಿಯ ಅತ್ಯುತ್ತಮ ಲ್ಯಾಟಿನ್ ವಿಡಿಯೊ ಪ್ರಶಸ್ತಿ ಸಿಕ್ಕಿತು. 2023ರ ಗ್ರ್ಯಾಮಿಯಲ್ಲಿ ‘ಹೊಸ ಕಲಾವಿದೆ’ ವಿಭಾಗಕ್ಕೆ ನಾಮನಿರ್ದೇಶನವಾದಾಗ ನನಗೆ ನಗು ತಡೆಯಲಾಗಲಿಲ್ಲ, ಏಕೆಂದರೆ ಆಗ ಅವರು ತಮ್ಮ ದೇಶದಲ್ಲಿ ಹತ್ತು ವರ್ಷ ಹಳೆಯ ತಾರೆ. ಪ್ರಶಸ್ತಿ ಜಾಝ್ ಗಾಯಕಿ ಸಮಾರಾ ಜಾಯ್ ಪಾಲಾಯಿತು.

ಅಷ್ಟರಲ್ಲಿ ಅವರಿಗೆ ಎಂಡೊಮೆಟ್ರಿಯೋಸಿಸ್ ಎಂಬ ಗರ್ಭಕೋಶಕ್ಕೆ ಸಂಬಂಧಿಸಿದ ಕಾಯಿಲೆಗೆ ಶಸ್ತ್ರಚಿಕಿತ್ಸೆಯಾಗಿತ್ತು. 2023ರಲ್ಲಿ ವಾರ್ನರ್ ಜೊತೆಗಿನ ಸಂಬಂಧವೂ ಮುಗಿಯಿತು. ಹೊಸ ಕಂಪನಿ ಸೇರಿ 2024ರ ಏಪ್ರಿಲ್‌ನಲ್ಲಿ ಹೊರತಂದ ಆಲ್ಬಮ್ಮಿಗೆ ‘ಫಂಕ್ ಜನರೇಶನ್’ ಎಂದೇ ಹೆಸರಿಟ್ಟರು. ಹದಿನೈದು ಹಾಡು, ಮೂರು ಭಾಷೆ, ಅಡಿಯಲ್ಲಿ ಹರಿಯುವುದು ಆ ಹಳೆಯ ತಾಳ. ಅದರ ‘ಅಸೈತಾ’ ಹಾಡಿನ ವಿಡಿಯೊದಲ್ಲಿ ತಾವು ಆಚರಿಸುವ ಕಾಂದೊಂಬ್ಲೆ ಎಂಬ ಆಫ್ರೋ-ಬ್ರೆಜಿಲ್ ಧರ್ಮದ ವಿಧಿಗಳನ್ನು ತೋರಿಸುತ್ತೇನೆಂದು ಪ್ರಕಟಿಸಿದಾಗ, ಎರಡೇ ತಾಸಿನಲ್ಲಿ ಇನ್‌ಸ್ಟಾಗ್ರಾಂನಲ್ಲಿ ಎರಡು ಲಕ್ಷ ಮಂದಿ ಅವರನ್ನು ಬಿಟ್ಟುಹೋದರು. ವಿಡಿಯೊ ಮಾತ್ರ ಬಿಡುಗಡೆಯಾಯಿತು. ಏಣಿ ಒದ್ದವಳು ಎಂಬ ಮಾತನ್ನು ನಾನು ಅರ್ಧ ಮಾತ್ರ ಒಪ್ಪುವುದು ಇದಕ್ಕಾಗಿ. ಮೇಲೇರುವವರೆಗೆ ಏಣಿಯನ್ನು ಮರೆಮಾಡಿದ್ದು ಹೌದು. ಮೇಲೇರಿದ ಮೇಲೆ ಅದನ್ನು ಎಳೆದುಕೊಂಡು ಎಲ್ಲರಿಗೂ ಕಾಣುವಂತೆ ನಿಲ್ಲಿಸಿದ್ದೂ ಹೌದು.

ಕೊನೆಯದಾಗಿ, ಕೇಳುವ ಕ್ರಮ. ‘ಎನ್ವೊಲ್ವೆರ್’ ಸದ್ಯಕ್ಕೆ ಬದಿಗಿಡಿ. ‘ವಾಯ್ ಮಲಾಂದ್ರಾ’ದಿಂದ ಶುರುಮಾಡಿ, ನಂತರ 2023ರ ‘ಫಂಕ್ ರೇವ್’ ಕೇಳಿ. ಆಮೇಲೆ ‘ಗರ್ಲ್ ಫ್ರಮ್ ರಿಯೊ’ ನೋಡಿ: ಇಪನೆಮಾ ತೀರವನ್ನು ಲೋಕಪ್ರಸಿದ್ಧ ಮಾಡಿದ ಹಳೆಯ ಬೊಸ್ಸಾನೋವಾದ ರಾಗವನ್ನೇ ಎತ್ತಿಕೊಂಡಿದ್ದಾರೆ, ಆದರೆ ವಿಡಿಯೊ ನಿಮ್ಮನ್ನು ಕರೆದೊಯ್ಯುವುದು ಉತ್ತರ ಭಾಗದ ಜನ ಊಟದ ಡಬ್ಬಿ ಕಟ್ಟಿಕೊಂಡು ಹೋಗುವ ಪಿಸಿನ್ಯಾವ್ ಡಿ ರಾಮೋಸ್ ಎಂಬ ಕೃತಕ ಕಡಲತೀರಕ್ಕೆ. ಕಡೆಗೆ 2013ರ ‘ಶೋ ದಸ್ ಪೊದೆರೊಜಾಸ್’ ಹಚ್ಚಿ, ಪರದೆ ನೋಡದೆ ಬರೀ ಕಿವಿಗೊಟ್ಟು ಮೇಜಿನ ಮೇಲೆ ಬೆರಳಾಡಿಸಿ; ಆ ಇಸ್ತ್ರಿಯ ಕೆಳಗೂ ಚುಂ–ಚ–ಚ, ಚುಂ–ಚುಂ–ಚ ಕೈಗೆ ಸಿಗುತ್ತದೆ.