ಮುಂಬೈನಲ್ಲಿ ಸೂರಿಲ್ಲದವರಿಗೆ ಧಾರ್ಮಿಕ ಸಂಸ್ಥೆಗಳು ಅನ್ನದಾನ ಬಿಟ್ಟು ಬೇರೇನಾದರೂ ಮಾಡುತ್ತಿವೆಯಾ?

ಮಾಡುತ್ತಿವೆ, ಆದರೆ ಸಾಲದು. ಪರೇಲ್‌ನ ಟಾಟಾ ಕ್ಯಾನ್ಸರ್ ಆಸ್ಪತ್ರೆ ಹೊರಗಿನ ಫುಟ್‌ಪಾತ್ ನೋಡಿ. ಪ್ಲಾಸ್ಟಿಕ್ ಹಾಳೆ ಹಾಸಿ, ರಿಪೋರ್ಟ್ ಫೈಲನ್ನೇ ತಲೆದಿಂಬು ಮಾಡಿಕೊಂಡು ಮಲಗಿದವರಲ್ಲಿ ನಮ್ಮ ಕಲಬುರಗಿ, ವಿಜಯಪುರ ಕಡೆಯವರೂ ಸಿಗುತ್ತಾರೆ. ಊರಲ್ಲಿ ಮನೆ ಇರುತ್ತದೆ, ಇಲ್ಲಿ ಲಾಡ್ಜಿಗೆ ಕೊಡೋಕೆ ದುಡ್ಡಿರುವುದಿಲ್ಲ. ಕ್ಯಾನ್ಸರ್ ಚಿಕಿತ್ಸೆಗೆ ಬಂದ ಇಂಥ ಬಡವರಿಗೆ ದಾದರ್‌ನ ಸಂತ ಗಾಡ್ಗೆ ಮಹಾರಾಜ್ ಧರ್ಮಶಾಲೆ ದೊಡ್ಡ ಆಸರೆ. ಗಾಡ್ಗೆ ಮಹಾರಾಜರು (1956ರಲ್ಲಿ ತೀರಿಕೊಂಡರು) ಜನ ಕೊಟ್ಟ ದುಡ್ಡಿನಲ್ಲಿ ಧರ್ಮಶಾಲೆ, ಶಾಲೆ ಕಟ್ಟಿಸಿದ ಸಂತ. ನನಗೆ ಇದಕ್ಕಿಂತ ದೊಡ್ಡ ಪೂಜೆ ಕಾಣುವುದಿಲ್ಲ.

ಕಾಯಂ ಮನೆ ಅಂದರೆ ಕಥೆ ಬೇರೆ. ಪಾರ್ಸಿ ಟ್ರಸ್ಟ್‌ಗಳು ಕಟ್ಟಿಸಿದ ಬಾಗ್‌ಗಳಲ್ಲಿ, ಅಂದರೆ ವಸತಿ ಕಾಲೋನಿಗಳಲ್ಲಿ, ಬಾಡಿಗೆ ತುಂಬಾ ಕಡಿಮೆ, ಆದರೆ ಅವು ಪಾರ್ಸಿಗಳಿಗೆ ಮಾತ್ರ. ಭೇಂಡಿ ಬಜಾರ್‌ನಲ್ಲಿ ದಾವೂದಿ ಬೋಹ್ರಾ ಎಂಬ ಮುಸ್ಲಿಂ ಸಮುದಾಯದ ಟ್ರಸ್ಟ್ 2009ರಲ್ಲಿ ಶುರುವಾಗಿ, 16.5 ಎಕರೆಯಲ್ಲಿ ಬೀಳುವಂತಿದ್ದ ಹಳೇ ಕಟ್ಟಡಗಳನ್ನು ಕೆಡವಿ ಹೊಸದು ಕಟ್ಟುತ್ತಾ, ಅಲ್ಲೇ ಇದ್ದ ಬಾಡಿಗೆದಾರರಿಗೆ ಸ್ವಂತ ಫ್ಲಾಟ್ ಕೊಡುತ್ತಿದೆ. ಬೇರೆ ಮಠ, ದೇವಸ್ಥಾನ, ಚರ್ಚುಗಳ ಹತ್ತಿರವೂ ಜಾಗ ಇದೆಯಲ್ವಾ, ಅವರೂ ಹೀಗೆ ಯೋಚಿಸಬೇಕು.

ಊರಿಂದ ಯಾರಾದರೂ ಚಿಕಿತ್ಸೆಗೆ ಬರುತ್ತಿದ್ದರೆ, ಆಸ್ಪತ್ರೆಯ ಸಮಾಜಸೇವಾ ವಿಭಾಗದಲ್ಲಿ ಉಳಿಯುವ ಜಾಗದ ಬಗ್ಗೆ ಮೊದಲೇ ಕೇಳಿ ಅಂತ ಹೇಳಿ.