ಸಿಸೆರೊನ ಭಾಷಣಗಳು: ಆಡಿದ್ದೆಷ್ಟು, ಬರೆದದ್ದೆಷ್ಟು

ಪ್ರಾಚೀನ ರೋಮ್‌ನ ವಾಗ್ಮಿ ಹಾಗೂ ರಾಜಕಾರಣಿ ಸಿಸೆರೊನ ಹೆಸರಿನಲ್ಲಿ ಉಳಿದಿರುವ ಭಾಷಣಗಳೆಲ್ಲವೂ ಅವನು ಆಡಿದ ಮಾತುಗಳ ಯಥಾವತ್ ದಾಖಲೆಯೇ ಎಂದು ನೀವು ಕೇಳಿದ್ದೀರಿ. ಅಲ್ಲ, ಅವನು ಭಾಷಣಗಳನ್ನು ತಿದ್ದಿ ಹೊರತರುತ್ತಿದ್ದನು, ಕೆಲವನ್ನಂತೂ ಆಡಲೇ ಇಲ್ಲ.

ಕ್ರಿ.ಪೂ. 70ರಲ್ಲಿ ಸಿಸಿಲಿಯ ಮಾಜಿ ರಾಜ್ಯಪಾಲ ವೆರ್ರೆಸ್‌ನ ಸುಲಿಗೆಯ ವಿಚಾರಣೆಯಲ್ಲಿ ಸಿಸೆರೊ ದೀರ್ಘ ಭಾಷಣವನ್ನು ಬದಿಗಿಟ್ಟು ಬೇಗನೆ ಸಾಕ್ಷಿಗಳನ್ನು ಮುಂದಿಟ್ಟದ್ದರಿಂದ ಆರೋಪಿಯು ತೀರ್ಪಿಗೂ ಕಾಯದೆ ರೋಮ್ ಬಿಟ್ಟು ಹೋದನು; ಹೀಗಾಗಿ ವಿಚಾರಣೆಯ ಎರಡನೆಯ ಹಂತಕ್ಕೆಂದು ಸಿದ್ಧಪಡಿಸಿದ ಭಾಷಣದ ಐದು ಭಾಗಗಳು ಬರಹವಾಗಿಯಷ್ಟೇ ಪ್ರಕಟವಾದವು. ರೋಮನ್ ನಾಯಕ ಮಾರ್ಕ್ ಆಂಟೊನಿಯ ವಿರುದ್ಧದ ‘ಫಿಲಿಪ್ಪಿಕ್’ ಎಂಬ ಖಂಡನಾ ಭಾಷಣಗಳಲ್ಲಿ ಎರಡನೆಯದು ಕೂಡ ಸೆನೆಟ್‌ನಲ್ಲಿ ಆಡಿದ್ದಲ್ಲ.

ಕೊಲೆಯ ಆರೋಪ ಹೊತ್ತ ರಾಜಕಾರಣಿ ಮಿಲೊನ ಪರವಾಗಿ ಸಿಸೆರೊ ವಾದಿಸಿದ ಕ್ರಿ.ಪೂ. 52ರ ಪ್ರಕರಣ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. ಎದುರಾಳಿಗಳ ಕೂಗಾಟದ ನಡುವೆ ಸಿಸೆರೊನಿಗೆ ಎಂದಿನ ಸ್ಥೈರ್ಯದಿಂದ ಮಾತಾಡಲಾಗಲಿಲ್ಲವೆಂದೂ, ಅಂದು ಆಡಿದ ಭಾಷಣದ ಪ್ರತಿ ತನ್ನ ಕಾಲದಲ್ಲಿಯೂ ದೊರೆಯುತ್ತಿತ್ತೆಂದೂ ಮುಂದಿನ ಶತಮಾನದ ವ್ಯಾಖ್ಯಾನಕಾರ ಅಸ್ಕೋನಿಯಸ್ ಬರೆದಿದ್ದಾನೆ. ಆ ಪ್ರತಿ ಕಳೆದುಹೋಗಿದೆ. ನಾವು ಮೆಚ್ಚಿ ಓದುವುದು, ಮಿಲೊ ಸೋತ ಮೇಲೆ ಅಚ್ಚುಕಟ್ಟಾಗಿ ರಚಿಸಿದ ಪಾಠವನ್ನು.

ತಿದ್ದದ ಸಿಸೆರೊನನ್ನು ಕಾಣಬೇಕಾದರೆ ದಯವಿಟ್ಟು ಅವನು ತನ್ನ ಆಪ್ತ ಗೆಳೆಯ ಅಟ್ಟಿಕಸ್‌ನಿಗೆ ಬರೆದ ಪತ್ರಗಳನ್ನು ಓದಿರಿ. 1345ರಲ್ಲಿ ವೆರೋನಾದಲ್ಲಿ ಅವು ಸಿಕ್ಕಾಗ, ತಾನು ಆರಾಧಿಸಿದ ವ್ಯಕ್ತಿಯ ಚಂಚಲತೆಯನ್ನು ಕಂಡು ನೊಂದ ಕವಿ ಪೆಟ್ರಾರ್ಕ್, ಎಂದೋ ಗತಿಸಿದ ಸಿಸೆರೊನಿಗೇ ಆಕ್ಷೇಪದ ಪತ್ರವೊಂದನ್ನು ಬರೆದನು.