ಸಂಸ್ಥೆಯ ಯಶಸ್ಸಿನಲ್ಲಿ ಮ್ಯಾನೇಜರ್ ಪಾತ್ರವೇನು?

ಮ್ಯಾನೇಜರ್‌ಗಳಿಲ್ಲದೆ ಸಂಸ್ಥೆ ನಡೆಯಬಲ್ಲದೇ ಎಂದು ಗೂಗಲ್ 2002ರಲ್ಲಿ ಪ್ರಯೋಗವನ್ನೇ ಮಾಡಿ ನೋಡಿತು. ಎಂಜಿನಿಯರಿಂಗ್ ಮ್ಯಾನೇಜರ್ ಹುದ್ದೆಗಳನ್ನು ತೆಗೆದುಹಾಕಿತು. ಖರ್ಚಿನ ಲೆಕ್ಕ, ಸಹೋದ್ಯೋಗಿಗಳ ಜಗಳ ಎಲ್ಲವೂ ನೇರವಾಗಿ ಸಹಸಂಸ್ಥಾಪಕ ಲ್ಯಾರಿ ಪೇಜ್ ಬಳಿಗೇ ಹೋಗತೊಡಗಿ, ಕೆಲವೇ ತಿಂಗಳಲ್ಲಿ ಪ್ರಯೋಗ ಕೈಬಿಡಬೇಕಾಯಿತು.

ಮೇಲಿನಿಂದ ಬಂದ ಗುರಿಯನ್ನು ತಂಡ ಮಾಡಬಲ್ಲ ಕೆಲಸಗಳಾಗಿ ಒಡೆಯುವುದೇ ಮ್ಯಾನೇಜರ್‌ನ ಮುಖ್ಯ ಹೊಣೆ. “ಗ್ರಾಹಕ ಸೇವೆ ಸುಧಾರಿಸಿ” ಎಂದರೆ ಎಲ್ಲಿಂದ ಶುರುಮಾಡಬೇಕೆಂದೇ ಯಾರಿಗೂ ತಿಳಿಯದು. “ದೂರು ಬಂದ 24 ಗಂಟೆಯೊಳಗೆ ಉತ್ತರ ಹೋಗಬೇಕು, ಹೊಣೆ ಇಂಥವರದು, ಪ್ರತಿ ಸೋಮವಾರ ಬಾಕಿ ನೋಡೋಣ” ಎಂದರೆ ಕೆಲಸ ಸಾಗುತ್ತದೆ.

ಹೆಚ್ಚಿನವರು ಎಡವುವುದು ಬಡ್ತಿ ಸಿಕ್ಕ ಹೊಸದರಲ್ಲಿ. ಹಳೆಯ ಕೆಲಸ ಬಿಡಲು ಮನಸ್ಸಾಗುವುದಿಲ್ಲ. ಸಣ್ಣ ತೀರ್ಮಾನವೂ ಅವರ ಮುಂದೆ ಸಾಲುಗಟ್ಟುತ್ತದೆ, ತಂಡ ಕಾಯುತ್ತದೆಯೇ ಹೊರತು ಕಲಿಯುವುದಿಲ್ಲ. ಕೆಲಸ ವಹಿಸುವಾಗ ಬೇಕಾದ ಫಲಿತಾಂಶ, ಗಡುವು, ಕೇಳದೆಯೇ ಎಷ್ಟರವರೆಗೆ ನಿರ್ಧರಿಸಬಹುದು ಎಂಬ ಮಿತಿ, ಈ ಮೂರನ್ನು ಸ್ಪಷ್ಟವಾಗಿ ಹೇಳಿ, ಮಾಡುವ ದಾರಿಯನ್ನು ಅವರಿಗೇ ಬಿಡಿ. ಇದು ಕಷ್ಟ, ಆದರೆ ಇದಿಲ್ಲದೆ ತಂಡ ಬೆಳೆಯದು.

ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಪ್ರತಿಯೊಬ್ಬರೊಂದಿಗೆ 30 ನಿಮಿಷ ಪ್ರತ್ಯೇಕವಾಗಿ ಮಾತಾಡಿ. ಅದು ಪ್ರಗತಿ ವರದಿ ಕೇಳುವ ಹೊತ್ತಲ್ಲ; ಎಲ್ಲಿ ಸಿಕ್ಕಿಕೊಂಡಿದ್ದಾರೆ, ಏನು ಅಡ್ಡಿಯಾಗಿದೆ ಎಂದು ಕೇಳಿ. ತಪ್ಪು ಕಂಡರೆ ಒಂದೆರಡು ದಿನದೊಳಗೆ, ಇತರರೆದುರು ಅಲ್ಲದೆ ಹೇಳಿ. ವರ್ಷಾಂತ್ಯದ ಮೌಲ್ಯಮಾಪನಕ್ಕೆ ಕೂಡಿಟ್ಟರೆ ತಿದ್ದಿಕೊಳ್ಳುವ ಕಾಲವೂ ಮುಗಿದಿರುತ್ತದೆ, ನಂಬಿಕೆಯೂ ಹೋಗುತ್ತದೆ.